ಹಗ್ಗ ಯಾವ ಚೀಲದಲ್ಲಿದೆ?

ಹೋದ ಭಾನುವಾರ ಬೆಂಗಳೂರಲ್ಲಿ ನಾವು ಆಟ ಆಡೋ ಜಾಗದಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಪಾತ್ರ ಆಡೋ ಆಟಗಳಲ್ಲಿ ಹೊಸದಾಗಿ ಡಿಎಂ (ಡಂಜನ್ ಮಾಸ್ಟರ್, ಅಂದ್ರೆ ಆಟ ನಡೆಸೋರು) ಆಗ್ತಿರೋರಿಗೆ ಅಂತ, ಪಾತ್ರಗಳು ಸಾಮಾನು ಹೊರೋ ಲೆಕ್ಕದ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಬರೋಕಾಗ್ದೇ ಇದ್ದೋರು ಬರೆದು ಹಾಕಿ ಅಂದ್ರು, ಹಾಗಾಗಿ ಮಾತಾಡಿದ ಹಾಗೇ ಬರೀತಿದೀನಿ, ಕೊನೇಲಿ ಬಂದ ಪ್ರಶ್ನೇನೂ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ನೀವು ಕೂತ್ಕೊಳ್ಳೋವಾಗ ಒಬ್ಬೊಬ್ರ ಕೈಗೂ ಮೂರು ಹಳೇ ಮದುವೆ ಕರೆಯೋಲೆ ಕವರ್ ಕೊಟ್ಟಿದೀನಿ, ಯಾಕೆ ಅಂತ ಆಮೇಲೆ ಹೇಳ್ತೀನಿ, ಸದ್ಯಕ್ಕೆ ಪಕ್ಕಕ್ಕಿಟ್ಕೊಂಡಿರಿ.

ಮೊದಲು ಒಂದು ಪ್ರಶ್ನೆ. ನಿಮ್ಮ ಟೇಬಲ್‌ನಲ್ಲಿ ಯಾರನ್ನಾದ್ರೂ ಹಿಡಿದು 'ನಿನ್ನ ಹಗ್ಗ ಎಲ್ಲಿದೆ?' ಅಂತ ಕೇಳಿದ್ರೆ ಏನು ಉತ್ತರ ಬರತ್ತೆ? ನಾನು ಕೇಳಿದಾಗೆಲ್ಲ ಬಂದಿರೋದು ಒಂದೇ ಉತ್ತರ, 'ಇದೆ, ನನ್ನ ಪಾತ್ರದ ಶೀಟ್‌ನಲ್ಲಿ ಬರ್ಕೊಂಡಿದೀನಿ.' ಇದೆಯಾ ಅಂತ ನಾನು ಕೇಳ್ಲಿಲ್ಲ, ಎಲ್ಲಿದೆ ಅಂತ ಕೇಳ್ದೆ. ಹೆಗಲ ಮೇಲಾ, ಬ್ಯಾಗ್‌ನ ತಳದಲ್ಲಾ, ಮೇಲ್ಗಡೆ ಬಿಟ್ಟು ಬಂದ ಕುದುರೆ ಮೇಲಾ? ಇವತ್ತು ನಾನು ಹೇಳ್ಬೇಕು ಅಂತಿರೋದು ಇಷ್ಟೇ. ಹೊರೆಯ ಲೆಕ್ಕ ಅಂದ್ರೆ ಎಷ್ಟು ಪೌಂಡ್ ಅನ್ನೋದಲ್ಲ, ಯಾವುದು ಯಾವ ಚೀಲದಲ್ಲಿದೆ, ಆ ಚೀಲ ಯಾರ ಮೈಮೇಲಿದೆ ಅನ್ನೋದು. ಪೌಂಡ್ ಲೆಕ್ಕ ಬೇಜಾರು ಅಂತ ಜನ ಇಡೀ ರೂಲನ್ನೇ ಬಿಟ್ಟು ಆಡ್ತಾರಲ್ಲ, ಅದ್ರ ಜೊತೆಗೆ ಚೀಲಾನೂ ಹೋಗ್ಬಿಡತ್ತೆ, ನನಗೆ ಬೇಜಾರಾಗೋದು ಅದಕ್ಕೆ.

ಈ ಲೆಕ್ಕ ಎಲ್ಲಿಂದ ಬಂತು ಅಂತ ನೋಡೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಭಾರ ಅಳೀತಿದ್ದಿದ್ದು ಪೌಂಡಲ್ಲಿ ಅಲ್ಲ, ಚಿನ್ನದ ನಾಣ್ಯದಲ್ಲಿ. ಕತ್ತಿ ಇಷ್ಟು ನಾಣ್ಯದ ಭಾರ, ಕವಚ ಇಷ್ಟು ನಾಣ್ಯದ ಭಾರ, ಹೀಗೆ. ವಿಚಿತ್ರ ಅನ್ಸತ್ತೆ, ಆದ್ರೆ ಆಗಿನ ಆಟದಲ್ಲಿ ಪಾತ್ರ ಬಲವಾಗೋಕೆ ಬೇಕಾದ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಬರ್ತಿದ್ದಿದ್ದೇ ಬಹುಪಾಲು ನಿಧಿಯಿಂದ, ಒಂದು ಚಿನ್ನದ ನಾಣ್ಯ ಹೊರಗೆ ತಂದ್ರೆ ಒಂದು ಪಾಯಿಂಟ್, ಅಂದಮೇಲೆ ಖಾಲಿ ಜಾಗ ಎಷ್ಟಿದೆ ಅನ್ನೋದನ್ನ ನಾಣ್ಯದಲ್ಲೇ ಹೇಳಿದ್ರೆ ಆಟಗಾರನಿಗೆ ತಕ್ಷಣ ಅರ್ಥ ಆಗತ್ತೆ. 200 ನಾಣ್ಯದಷ್ಟು ಜಾಗ ಉಳ್ದಿದೆ ಅಂದ್ರೆ 200 ಪಾಯಿಂಟ್‌ಗೆ ಜಾಗ ಇದೆ ಅಂತ. ಹಗ್ಗ ಬಿಸಾಕಿದ್ರೆ ಎಷ್ಟು ಲಾಭ ಅಂತ ಅಲ್ಲೇ ಗೊತ್ತಾಗತ್ತೆ.

ಆಮೇಲೆ ಬಂದ ಅಡ್ವಾನ್ಸ್ಡ್ ಆವೃತ್ತಿಯಲ್ಲಿ 10 ನಾಣ್ಯಕ್ಕೆ ಒಂದು ಪೌಂಡ್ ಅಂತ ಇತ್ತು. ಒಂದು ನಾಣ್ಯ 45 ಗ್ರಾಂ! ವಿಜಯನಗರದ ವರಹ ಒಂದು ಸುಮಾರು 3.4 ಗ್ರಾಂ ಇತ್ತು, ಅಂದ್ರೆ ಇವರ ಒಂದು ನಾಣ್ಯ ಹೆಚ್ಚುಕಮ್ಮಿ 13 ವರಹದ ತೂಕ. ದುಡ್ಡು ಅಂತ ನೋಡಿದ್ರೆ ಯಾರೂ ಜೇಬಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಆದ್ರೆ ಗೈಗ್ಯಾಕ್ಸೇ ಬರ್ದಿದಾರೆ, ಆ ಅಂಕಿ ಬರೀ ತೂಕ ಅಲ್ಲ, ತೂಕ ಮತ್ತೆ ಹೊರೋಕೆ ಆಗೋ ತೊಡಕು ಎರಡೂ ಸೇರಿದ್ದು, ಸುರುಳಿ ಪತ್ರ ಎರಡು ಪೌಂಡ್ ತೂಗಲ್ಲ ಅಂತ ನಮಗೂ ಗೊತ್ತು ಅನ್ನೋ ಅರ್ಥದಲ್ಲಿ. ಈ ಮಾತು ಬಹಳ ಜನ ಓದೇ ಇಲ್ಲ ಅನ್ಸತ್ತೆ, ಓದಿದ್ರೆ ಅರ್ಧ ಜಗಳ ಇರ್ತಾನೇ ಇರ್ಲಿಲ್ಲ. ಮುಂದೆ 50 ನಾಣ್ಯಕ್ಕೆ ಒಂದು ಪೌಂಡ್ ಅಂತ ಬದಲಾಯ್ತು, ಅಂದ್ರೆ ನಾಣ್ಯ 9 ಗ್ರಾಂ, ಸರಿಯಾದ ನಾಣ್ಯದ ಥರ ಆಯ್ತು, ಆದ್ರೆ ನಿಧಿ ಹಗುರ ಆಗೋಯ್ತು.

ಈಗ ಇದೇ ಆಟದ 1981ರ ಬೇಸಿಕ್ ಮತ್ತೆ ಎಕ್ಸ್‌ಪರ್ಟ್ ಸೆಟ್‌ಗೆ ಬರ್ತೀನಿ, ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ ಯಾಕಂದ್ರೆ ನನ್ನ ಪ್ರಕಾರ ಇಡೀ ವಿಷಯ ಇಲ್ಲೇ ಇದೆ. ರೂಲ್ ಚಿಕ್ಕದು. 400 ನಾಣ್ಯದ ಭಾರದ ತನಕ ಟರ್ನ್‌ಗೆ 120 ಅಡಿ, 600ರ ತನಕ 90 ಅಡಿ, 800ರ ತನಕ 60, ಅದಕ್ಕಿಂತ ಜಾಸ್ತಿ 1600ರ ತನಕ 30 ಅಡಿ. ಟರ್ನ್ ಅಂದ್ರೆ 10 ನಿಮಿಷ. ಈಗ ಚೀಲ ನೋಡಿ. ಬ್ಯಾಕ್‌ಪ್ಯಾಕ್‌ನಲ್ಲಿ 400 ನಾಣ್ಯ ಹಿಡಿಯತ್ತೆ, ಸಣ್ಣ ಚೀಲದಲ್ಲಿ 200, ದೊಡ್ಡ ಗೋಣಿಯಲ್ಲಿ 600. ಕಾಣಿಸ್ತಾ? ತುಂಬಿದ ಬ್ಯಾಕ್‌ಪ್ಯಾಕ್ ಒಂದಿದ್ರೆ ಪೂರ್ತಿ ವೇಗ, ಜೊತೆಗೊಂದು ಸಣ್ಣ ಚೀಲ ತುಂಬಿದ್ರೆ ಒಂದು ಮೆಟ್ಟಿಲು ಕೆಳಗೆ, ಇನ್ನೊಂದು ಸಣ್ಣ ಚೀಲ ಹಿಡ್ಕೊಂಡ್ರೆ ಇನ್ನೊಂದು ಮೆಟ್ಟಿಲು ಕೆಳಗೆ. ಹಗ್ಗ ಪಂಜು ಬುತ್ತಿ ಅಂತ ಚಿಲ್ಲರೆ ಸಾಮಾನಿಗೆಲ್ಲ ಒಟ್ಟಾಗಿ 80 ಅಂತ ಒಂದೇ ಅಂಕಿ ಕೊಟ್ಬಿಟ್ಟಿದಾರೆ, ಒಂದೊಂದನ್ನೇ ತೂಗೋ ಗೋಜೇ ಇಲ್ಲ. ಕವಚದ ಭಾರ ಒಂದ್ಸಲ ಬರ್ಕೊಂಡ್ರೆ ಆಯ್ತು, ಆಮೇಲೆ ಚೀಲ ಎಣಿಸ್ತಾ ಹೋದ್ರೆ ವೇಗ ಗೊತ್ತಾಗತ್ತೆ.

ವೇಗ ಗೊತ್ತಾದ್ರೆ ಏನಂತೆ? 240 ಅಡಿ ಉದ್ದದ ಸುರಂಗ ಅಂದ್ಕೊಳ್ಳಿ. ಹಗುರ ಇರೋನು ಎರಡು ಟರ್ನ್‌ನಲ್ಲಿ ದಾಟ್ತಾನೆ, 30 ಅಡಿ ವೇಗದೋನಿಗೆ 8 ಟರ್ನ್ ಬೇಕು, ದಣಿವಾರಿಸ್ಕೊಳ್ಳೋ ಟರ್ನ್ ನಾನು ಸೇರಿಸಿಲ್ಲ. ಎರಡು ಟರ್ನ್‌ಗೊಂದ್ಸಲ ಡಿಎಂ ಆರು ಮುಖದ ದಾಳ ಹಾಕ್ತಾನೆ, ಒಂದು ಬಿದ್ರೆ ಅಲೆದಾಡ್ತಿರೋ ಏನೋ ಒಂದು ಪ್ರಾಣಿ ಎದುರಾಗತ್ತೆ. ಹಗುರ ಇರೋನಿಗೆ ಒಂದೇ ದಾಳ, ಅಂದ್ರೆ ನೂರಕ್ಕೆ 17ರಷ್ಟು ಅಪಾಯ. ಹೊರೆ ಹೊತ್ತೋನಿಗೆ ನಾಲ್ಕು ದಾಳ, ಒಂದಾದ್ರೂ ಬೀಳೋ ಸಾಧ್ಯತೆ ನೂರಕ್ಕೆ 52. ಅದೂ ಅಲ್ದೆ ಪಂಜು ಉರಿಯೋದು ಆರೇ ಟರ್ನ್, ಅಂದ್ರೆ ಮುಕ್ಕಾಲು ದಾರೀಲಿ ಎರಡನೇ ಪಂಜು ಹಚ್ಬೇಕು, ಪಂಜು ಹಿಡಿಯೋಕೆ ಒಂದು ಕೈ ಬೇಕು, ಗೋಣಿ ಹಿಡಿದಿರೋನ ಕೈಯಲ್ಲಿ ಕತ್ತಿ ಇಲ್ಲ. ಭಾರದಿಂದ ವೇಗ, ವೇಗದಿಂದ ಹೊತ್ತು, ಹೊತ್ತಿನಿಂದ ಬೆಳಕು ಮತ್ತೆ ಅಪಾಯ, ಎಲ್ಲ ಒಂದೇ ಸರಪಳಿ. ಈ ಸರಪಳಿ ಇದ್ರೆ ಹೊರೆಯ ಲೆಕ್ಕಕ್ಕೆ ಜೀವ ಇರತ್ತೆ. ಒಂದು ಕೊಂಡಿ ಕಳಚಿದ್ರೂ ಉಳಿಯೋದು ಬರೀ ಕೂಡೋ ಕಳೆಯೋ ಲೆಕ್ಕ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಎಡಿಷನ್‌ನಲ್ಲಿ ಆಗಿದ್ದು ಅದೇ, ನಮ್ಮಲ್ಲಿ ಬಹಳ ಜನ ಆಡೋದು ಅದನ್ನೇ ಆದ್ರಿಂದ ಇದನ್ನ ಹೇಳ್ಲೇಬೇಕು. ಅಲ್ಲಿ ಸ್ಟ್ರೆಂತ್, ಅಂದ್ರೆ ಪಾತ್ರದ ಶಕ್ತಿಯ ಅಂಕಿ, ಎಷ್ಟಿದ್ಯೋ ಅದರ 15ರಷ್ಟು ಪೌಂಡ್ ಹೊರಬಹುದು, ಅಷ್ಟರ ತನಕ ವೇಗಕ್ಕೆ ಏನೂ ತೊಂದ್ರೆ ಇಲ್ಲ. ಸ್ಟ್ರೆಂತ್ 8 ಇರೋ ಬಡಕಲು ಮಂತ್ರವಾದಿ 120 ಪೌಂಡ್ ಹೊರ್ತಾನೆ. 54 ಕೆಜಿ! ಎಪಿಎಂಸಿ ಯಾರ್ಡಲ್ಲಿ ಹಮಾಲಿಗಳು 50 ಕೆಜಿ ಅಕ್ಕಿ ಮೂಟೆ ಬೆನ್ನಿಗೆ ಏರಿಸ್ಕೊಳ್ಳೋದನ್ನ ನೋಡಿದೀರಲ್ಲ, ಎಷ್ಟು ದಿನದ ಅಭ್ಯಾಸ ಬೇಕು ಅದಕ್ಕೆ, ಎಷ್ಟು ಬೇಗ ಹೋಗಿ ಲಾರಿ ಮೇಲೆ ಇಳಿಸ್ತಾರೆ. ನಮ್ಮ ಮಂತ್ರವಾದಿ ಅದನ್ನ ಹೊತ್ಕೊಂಡು ಇಡೀ ದಿನ ಬೆಟ್ಟ ಹತ್ತಬಹುದು, ರೂಲ್ ಬೇಡ ಅನ್ನಲ್ಲ. ಮಿತಿ ಇಷ್ಟು ದೂರ ಇದ್ರೆ ಅದನ್ನ ಯಾರೂ ಮುಟ್ಟಲ್ಲ, ಮುಟ್ಟದೇ ಇರೋ ರೂಲನ್ನ ಯಾಕೆ ಲೆಕ್ಕ ಹಾಕ್ಬೇಕು ಅಂತ ಜನ ಬಿಟ್ಬಿಡ್ತಾರೆ, ಅವರ ತಪ್ಪಲ್ಲ.

ಅದೇ ಪುಸ್ತಕದಲ್ಲಿ ಬೇಕಾದ್ರೆ ಬಳಸಿ ಅಂತ ಇನ್ನೊಂದು ರೂಲ್ ಇದೆ. ಸ್ಟ್ರೆಂತ್‌ನ ಐದರಷ್ಟು ದಾಟಿದ್ರೆ ವೇಗ 10 ಅಡಿ ಕಮ್ಮಿ, ಹತ್ತರಷ್ಟು ದಾಟಿದ್ರೆ 20 ಅಡಿ ಕಮ್ಮಿ, ಜೊತೆಗೆ ಮೈಗೆ ಸಂಬಂಧಪಟ್ಟ ದಾಳಕ್ಕೆಲ್ಲ ಡಿಸ್‌ಅಡ್ವಾಂಟೇಜ್, ಅಂದ್ರೆ ಎರಡು ದಾಳ ಹಾಕಿ ಕಮ್ಮಿ ಬಿದ್ದಿದ್ದನ್ನೇ ತಗೋಬೇಕು. ಮಂತ್ರವಾದಿಗೆ ಈಗ 40 ಪೌಂಡ್, 18 ಕೆಜಿ. ಇದು ನಂಬೋ ಹಾಗಿದೆ. ಆದ್ರೆ ಸ್ಟ್ರೆಂತ್ 16ರ ಫೈಟರ್‌ಗೆ, ಅಂದ್ರೆ ಯೋಧನ ಪಾತ್ರಕ್ಕೆ, ಮಿತಿ 80 ಪೌಂಡ್, ಅವನ ಸರಪಳಿ ಕವಚವೇ 55, ಎಕ್ಸ್‌ಪ್ಲೋರರ್ಸ್ ಪ್ಯಾಕ್ 59, ಗುರಾಣಿ 6, ಕತ್ತಿ 3. ಒಟ್ಟು 123. ಊರು ಬಿಡೋಕೆ ಮುಂಚೇನೇ ಅವನು ನಿಧಾನ. ಇದನ್ನ ನೋಡಿ ಕೆಲವರು ರೂಲ್ ಸರಿ ಇಲ್ಲ ಅಂತಾರೆ, ನನಗೆ ಇದು ಬಹಳ ಇಷ್ಟ, ಯಾಕಂದ್ರೆ ಮೊದಲನೇ ದಿನಾನೇ ಅವನು 'ನಂದು ಬುತ್ತಿ ನೀನು ಹೊರ್ತೀಯಾ?' ಅಂತ ಪಕ್ಕದೋನ್ನ ಕೇಳ್ಬೇಕಾಗತ್ತೆ.

ಆ ಎಕ್ಸ್‌ಪ್ಲೋರರ್ಸ್ ಪ್ಯಾಕನ್ನ ಒಂದ್ಸಲ ಬಿಚ್ಚಿ ನೋಡೋಣ, ಎಲ್ಲರೂ ಅದನ್ನ ಒಂದೇ ಪದ ಅಂತ ಬರ್ಕೊಂಡು ಮುಂದೆ ಹೋಗ್ತಾರೆ. ಬ್ಯಾಗ್ 5 ಪೌಂಡ್, ಸುತ್ತಿದ ಹಾಸಿಗೆ 7, ಊಟದ ತಟ್ಟೆ ಸಾಮಾನು 1, ಚಕಮಕಿ ಡಬ್ಬಿ 1, 10 ಪಂಜು 10, 10 ದಿನದ ಬುತ್ತಿ 20, ತುಂಬಿದ ನೀರಿನ ಚೀಲ 5, 50 ಅಡಿ ಹಗ್ಗ 10. ಕೂಡಿ, 59 ಸರಿಯಾಗಿದೆ, 27 ಕೆಜಿ ಹತ್ರ. ಈಗ ಅದೇ ಪುಸ್ತಕದಲ್ಲಿ ಚೀಲಗಳ ಪಟ್ಟಿ ತೆಗೀರಿ. ಬ್ಯಾಕ್‌ಪ್ಯಾಕ್ ಹಿಡಿಯೋದು ಒಂದು ಘನ ಅಡಿ ಅಥವಾ 30 ಪೌಂಡ್. ಹಗ್ಗ ಪಕ್ಕಕ್ಕೆ ಕಟ್ಟಿದೆ, ಹಾಸಿಗೇನೂ ಹೊರಗೆ ಕಟ್ಟಿ, ನೀರು ಸೊಂಟಕ್ಕೆ ಹಾಕಿ, ಒಳಗೆ ಉಳಿದಿದ್ದು ತಟ್ಟೆ, ಚಕಮಕಿ, ಪಂಜು, ಬುತ್ತಿ. 32 ಪೌಂಡ್. ಅಂಗಡಿಯಿಂದ ತಂದ ಪ್ಯಾಕೇ ತನ್ನ ಬ್ಯಾಗಲ್ಲಿ ಹಿಡಿಯಲ್ಲ. ಒಂದು ದಿನದ ಬುತ್ತಿ ತಿಂದ್ಮೇಲೆ ಸರಿಹೋಗತ್ತೆ, ಬುತ್ತಿ ಒಂದು ದಿನದ್ದು 2 ಪೌಂಡ್.

ಇನ್ನೊಂದು ನೋಡಿ, ಒಂದು ಘನ ಅಡಿ ಅಂದ್ರೆ 28 ಲೀಟರ್. ಅದು ಕಾಲೇಜ್ ಬ್ಯಾಗ್ ಸೈಜು, ಟ್ರೆಕ್ಕಿಂಗ್‌ಗೆ ನಾವು ತಗೊಂಡು ಹೋಗೋದು 50, 60 ಲೀಟರ್‌ದು. ಅದರಲ್ಲಿ ಚಿನ್ನ ತುಂಬಿದ್ರೆ? 30 ಪೌಂಡಿಗೆ 1500 ನಾಣ್ಯ, ಅಪ್ಪಟ ಚಿನ್ನ ಅಂದ್ಕೊಂಡ್ರೆ ಮುಕ್ಕಾಲು ಲೀಟರ್ ಜಾಗಾನೂ ತಗೊಳ್ಳಲ್ಲ, ಬ್ಯಾಗಿನ ತಳದಲ್ಲಿ ಒಂದು ಹಿಡಿ ಕಾಣತ್ತೆ ಅಷ್ಟೇ, ಆದ್ರೆ ಹೊಲಿಗೆ ಬಿಡೋಕೆ ಶುರು ಆಗಿರತ್ತೆ. ಹಾಸಿಗೆ ತುಂಬಿದ್ರೆ ಉಲ್ಟಾ, ತೂಕ ಏನೂ ಇಲ್ಲ ಆದ್ರೆ ಜಾಗ ಇಲ್ಲ. ಅದಕ್ಕೇ ಪೆಟ್ಟಿಗೆಗೆ 12 ಘನ ಅಡಿ ಮತ್ತೆ 300 ಪೌಂಡ್ ಅಂತ ಎರಡೆರಡು ಅಂಕಿ. ಪೆಟ್ಟಿಗೆ ತುಂಬ ನಾಣ್ಯ ಅಂತ ನಿಧಿ ವರ್ಣನೆ ಮಾಡೋವಾಗ ಡಿಎಂಗಳು ಇದನ್ನ ನೆನಪಲ್ಲಿಟ್ಕೊಂಡ್ರೆ, 'ಪೆಟ್ಟಿಗೆ ಹೇಗೆ ಎತ್ತೀರ?' ಅನ್ನೋದೇ ಒಂದು ಗಂಟೆಯ ಆಟ ಆಗತ್ತೆ.

ಯಾವ ಚೀಲದಲ್ಲಿ ಅನ್ನೋದು ನನಗೆ ತಲೆಗೆ ಹೋಗಿದ್ದು ಆಟದಿಂದ ಅಲ್ಲ, ಕುಮಾರ ಪರ್ವತದಿಂದ. ಕುಕ್ಕೆ ಕಡೆಯಿಂದ ಹತ್ತಿ ಭಟ್ಟರ ಮನೆ ದಾಟಿದ್ಮೇಲೆ ಹುಲ್ಲುಗಾವಲು ಏರು ಶುರು ಆಗತ್ತಲ್ಲ, ನೆರಳೇ ಇಲ್ಲ, ಅಲ್ಲಿ ಜೊತೆಗಿದ್ದ ಗೆಳೆಯನಿಗೆ ತಲೆಸುತ್ತು ಬಂತು. ಉಪ್ಪು ಸಕ್ಕರೆ ಪುಡಿ ಪ್ಯಾಕೆಟ್ ನನ್ನ ಹತ್ರಾನೇ ಇತ್ತು, ಆದ್ರೆ ಸ್ಲೀಪಿಂಗ್ ಬ್ಯಾಗ್ ಕೆಳಗೆ, ತಳದಲ್ಲಿ. ಇಳಿಜಾರಲ್ಲಿ ಕೂತು ಒಂದೊಂದೇ ತೆಗೆದು ಮಂಡಿ ಮೇಲೆ ಇಟ್ಕೊಂಡೆ, ಗಾಳಿಗೆ ಜಾಕೆಟ್ ಹಾರಿ ಕೆಳಗೆ ಉರುಳ್ತು, ಅವನು ಕಣ್ಣು ಮುಚ್ಕೊಂಡು ಕೂತಿದ್ದ. ಐದು ನಿಮಿಷ ಆಗಿರ್ಬಹುದು. ಆ ಪ್ಯಾಕೆಟ್‌ನ ತೂಕ 20 ಗ್ರಾಂ ಇರ್ಲಿಕ್ಕಿಲ್ಲ. ಅವನು ಸುಧಾರಿಸ್ಕೊಂಡ, ಆದ್ರೆ ಆವತ್ತಿಂದ ಸೊಂಟದ ಸಂಚಿಗೂ ಬೆನ್ನಿನ ಚೀಲಕ್ಕೂ ಇರೋ ವ್ಯತ್ಯಾಸ ನನಗೆ ಯಾವ ಪೌಂಡ್ ಲೆಕ್ಕದಲ್ಲೂ ಕಾಣಿಸ್ತಿಲ್ಲ ಅನ್ಸಿತು.

ಇದನ್ನ ಅರ್ಥ ಮಾಡ್ಕೊಂಡಿರೋ ಆಟಗಳಿವೆ. 2013ರ ಟಾರ್ಚ್‌ಬೇರರ್‌ನಲ್ಲಿ ತೂಕಾನೇ ಇಲ್ಲ, ಕೈ, ಸೊಂಟ, ಮೈ ಅಂತ ಜಾಗಗಳು, ಬೆನ್ನಿನ ಚೀಲಕ್ಕೆ ಆರು ಜಾಗ, ಹೆಗಲ ಚೀಲಕ್ಕೆ ಮೂರು. ಕೇರ್ನ್ ಅನ್ನೋ ಪುಟ್ಟ ಆಟದಲ್ಲಿ ಒಟ್ಟು ಹತ್ತೇ ಜಾಗ, ದಣಿವಾದ್ರೆ ಆ ದಣಿವೂ ಒಂದು ಜಾಗ ತಿನ್ನತ್ತೆ, ಹತ್ತೂ ತುಂಬಿದ್ರೆ ಏಟು ತಡ್ಕೊಳ್ಳೋ ನಿಮ್ಮ ಹಿಟ್ ಪಾಯಿಂಟ್ ಸೊನ್ನೆ. ಇಲಿಗಳ ಸಾಹಸದ ಮೌಸ್‌ರಿಟರ್‌ನಲ್ಲಿ ಸಾಮಾನೆಲ್ಲ ಕತ್ತರಿಸಿದ ಚೀಟಿಗಳು, ಎರಡು ಮುಂಗಾಲು, ಎರಡು ಮೈ, ಆರು ಚೀಲ ಅಂತ ಇರೋ ಚೌಕಗಳ ಮೇಲೆ ಇಡ್ಬೇಕು, ಹಸಿವು, ಹೆದರಿಕೆ ಆದ್ರೆ ಅದೂ ಚೀಟಿಯಾಗಿ ಬಂದು ಕೂತ್ಕೊಳ್ಳತ್ತೆ, ಏನಾದ್ರೂ ಕೆಳಗಿಡಿ ಅನ್ನತ್ತೆ. ಪಾಥ್‌ಫೈಂಡರ್‌ನ 2019ರ ಆವೃತ್ತಿಯಲ್ಲಿ ಬಲ್ಕ್ ಅಂತ ಅಳತೆ, ಹತ್ತು ಹಗುರ ಸಾಮಾನು ಸೇರಿದ್ರೆ ಒಂದು ಬಲ್ಕ್, ಸಾವಿರ ನಾಣ್ಯಕ್ಕೊಂದು ಬಲ್ಕ್. ಅದ್ರಲ್ಲಿ ನನಗೆ ಹಿಡಿಸಿದ್ದು ಬೆನ್ನಿಗೆ ಹಾಕ್ಕೊಂಡ ಬ್ಯಾಕ್‌ಪ್ಯಾಕ್‌ನಲ್ಲಿರೋ ಮೊದಲ ಎರಡು ಬಲ್ಕ್ ಲೆಕ್ಕಕ್ಕೇ ಬರಲ್ಲ ಅನ್ನೋದು. ಕೈಯಲ್ಲಿ ಹಿಡಿದಿದ್ದಕ್ಕಿಂತ ಬೆನ್ನ ಮೇಲಿದ್ರೆ ಹಗುರ, ಕೊಡ ಸೊಂಟದ ಮೇಲಿಟ್ಟು ನೀರು ತಂದಿರೋ ಯಾರಿಗಾದ್ರೂ ಇದು ಗೊತ್ತಿರತ್ತೆ. ತೂಕಾನೇ ಬೇಕು ಅನ್ನೋರು ಗರ್ಪ್ಸ್ ಅನ್ನೋ ಆಟ ನೋಡಿ, ಸಾಮಾನ್ಯ ಮನುಷ್ಯ ಸಲೀಸಾಗಿ ಹೊರೋದು 20 ಪೌಂಡ್, 9 ಕೆಜಿ ಅಂತ ಅಲ್ಲಿದೆ, ಮೈಯ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಾದ ಅಂಕಿ ಕಮ್ಮಿ.

ಈಗ ಕವರ್ ತೆಗೀರಿ. ನಾವು ಎರಡು ವರ್ಷದಿಂದ ಹೀಗೇ ಆಡ್ತಿದೀವಿ. ಒಂದರ ಮೇಲೆ 'ಕೈ' ಅಂತ ಬರೀರಿ, ಒಂದರ ಮೇಲೆ 'ಸೊಂಟ', ದೊಡ್ಡದರ ಮೇಲೆ 'ಬೆನ್ನು'. ಸಾಮಾನೆಲ್ಲ ಬೆಂಕಿಪೊಟ್ಟಣ ಅಗಲದ ಚೀಟಿಗಳು, ಅದರ ಮೇಲೆ ಹೆಸರು, ಭಾರ. ಕೈಯಲ್ಲಿರೋದು ತಕ್ಷಣ, ಸೊಂಟದ್ದು ತೆಗೆಯೋಕೆ ಒಂದು ರೌಂಡ್ (ಜಗಳದ ಒಂದು ಸುತ್ತು), ಬೆನ್ನಿಂದು ಬ್ಯಾಗ್ ಇಳಿಸಿ ಹುಡುಕ್ಬೇಕು, ಜಗಳದ ಮಧ್ಯೆ ಆಗಲ್ಲ. ಇಷ್ಟೇ ರೂಲ್.

ಹೋದ ಮಳೆಗಾಲದಲ್ಲಿ ಒಂದು ಸೆಷನ್ ನಡೀತು, ಅದನ್ನ ಹೇಳ್ತೀನಿ. ನೆಲದಡಿ ಹೊಳೆ, ಮೇಲೊಂದು ಹಗ್ಗದ ಸೇತುವೆ. ಫೈಟರ್ ದಾಳ ಸೋತು ನೀರಿಗೆ ಬಿದ್ದ. ನಾನು ಹೇಳ್ದೆ, ಬೆನ್ನ ಚೀಲ ಬಿಚ್ಚಿದ್ರೆ ದಡ ಸೇರ್ತೀಯ, ಇಟ್ಕೊಂಡ್ರೆ ಇನ್ನೊಂದ್ಸಲ ದಾಳ ಹಾಕು. ಅವನು ಕವರ್ ಎತ್ಕೊಂಡು ಎರಡೂ ಕಡೆ ತಿರುಗಿಸಿ ನೋಡ್ದ, 'ಬಿಚ್ತೀನಿ ಗುರೂ' ಅಂತ ನನ್ನ ಕೈಗಿಟ್ಟ. ಆಗ ಕ್ಲೆರಿಕ್, ಅಂದ್ರೆ ಪುರೋಹಿತೆಯ ಪಾತ್ರ ಆಡ್ತಿದ್ದೋಳು, 'ಲೋ, ಎಣ್ಣೆ ಅದ್ರಲ್ಲೇ ಇತ್ತಲ್ಲೋ!' ಅಂದ್ಳು. ಎಣ್ಣೆ ಅಷ್ಟೇ ಅಲ್ಲ, ಗಟ್ಟಿ ಇರೋನು ಹೊರ್ಲಿ ಅಂತ ಎಲ್ಲರ ಪಂಜೂ ಅವನ ಬೆನ್ನಿಗೇ ಹಾಕಿದ್ರು. ಉಳಿದಿದ್ದು ಅವಳ ಕೈಯಲ್ಲಿ ಉರೀತಿದ್ದ ಒಂದೇ ಪಂಜು, ಐದು ಟರ್ನ್ ಬಾಕಿ. ಬಾಗಿಲಿಗೆ 440 ಅಡಿ.

ನಾನು ಸುಮ್ನೆ ಕೂತೆ. ಅವರೇ ಲೆಕ್ಕ ಹಾಕೋಕೆ ಶುರು ಮಾಡಿದ್ರು. ಈಗಿರೋ 60 ಅಡಿ ವೇಗದಲ್ಲಿ ಹೋದ್ರೆ ಎಂಟು ಟರ್ನ್, ಮೂರು ಟರ್ನ್ ಕತ್ತಲಲ್ಲಿ. 90 ಅಡಿ ಆದ್ರೆ ಐದು ಟರ್ನ್, ಸರಿಯಾಗಿ ಬಾಗಿಲಲ್ಲಿ ಆರತ್ತೆ. ಹಾಗಾದ್ರೆ ಪ್ರತಿಯೊಬ್ಬರೂ 600 ನಾಣ್ಯದ ಭಾರಕ್ಕೆ ಇಳೀಬೇಕು. ಮೂರು ವಾರ ಕಷ್ಟಪಟ್ಟು ತಂದಿದ್ದ ನಾಣ್ಯದ ಚೀಟಿಗಳನ್ನ ಮೇಜಿನ ಮಧ್ಯೆ ಒಂದೊಂದಾಗಿ ಇಟ್ರು. ಕಳ್ಳನ ಪಾತ್ರ ಆಡೋನು ನಾಣ್ಯ ಇಟ್ಕೊಂಡು ತನ್ನ ಬುತ್ತಿ, ಹಾಸಿಗೆ, ಏಣಿಯ ಕೊಕ್ಕೆ ಎಲ್ಲ ಬಿಟ್ಟ. ಕ್ಲೆರಿಕ್ ಉಲ್ಟಾ, ನಾಣ್ಯ ಬಿಟ್ಟು ಔಷಧದ ಪೆಟ್ಟಿಗೆ ಇಟ್ಕೊಂಡ್ಳು. ಯಾರು ಯಾರು ಏನು ಅಂತ ಆ ಹತ್ತು ನಿಮಿಷದಲ್ಲಿ ನನಗೆ ಗೊತ್ತಾದಷ್ಟು ಅವರು ಬರ್ಕೊಟ್ಟ ಎರಡೆರಡು ಪುಟದ ಬ್ಯಾಕ್‌ಸ್ಟೋರಿಯಲ್ಲಿ ಗೊತ್ತಾಗಿರ್ಲಿಲ್ಲ. ಮುಂದಿನ ವಾರ ಬಂದಾಗ ಎಲ್ಲರ ಸೊಂಟದ ಕವರ್‌ನಲ್ಲೂ ಒಂದೊಂದು ಪಂಜಿನ ಚೀಟಿ ಇತ್ತು, ನಾನು ಹೇಳಿರ್ಲಿಲ್ಲ.

ಬ್ಯಾಗ್ ಆಫ್ ಹೋಲ್ಡಿಂಗ್ ಅನ್ನೋ, ಒಳಗೆ ರಾಶಿ ಸಾಮಾನು ಹಿಡಿಯೋ ಮಾಯಾ ಚೀಲದ ಬಗ್ಗೆ ಒಂದು ಮಾತು, ಯಾಕಂದ್ರೆ ಈ ಲೆಕ್ಕ ಬೇಡ ಅನ್ನೋ ಡಿಎಂಗಳು ಮೊದಲ ವಾರದಲ್ಲೇ ಅದನ್ನ ಕೊಟ್ಬಿಡ್ತಾರೆ. ತಪ್ಪು ಅನ್ನಲ್ಲ, ಆದ್ರೆ ಕೊಡೋದಾದ್ರೆ ಅದೂ ಒಂದು ಚೀಲ ಅನ್ನೋದನ್ನ ಮರೀಬೇಡಿ. ಅದಕ್ಕೇ 15 ಪೌಂಡ್ ತೂಕ ಇದೆ, ಒಳಗೆ 500 ಪೌಂಡ್ ಹಿಡಿದ್ರೂ ಬಾಯಿ ಎರಡೇ ಅಡಿ ಅಗಲ, ಮೂರಡಿ ಅಗಲದ ಪೆಟ್ಟಿಗೆ ತೂರಲ್ಲ. ಒಂದು ಸಾಮಾನು ತೆಗೆಯೋಕೆ ಒಂದು ಆಕ್ಷನ್, ಅಂದ್ರೆ ನಿಮ್ಮ ಸರದಿಯ ಮುಖ್ಯ ಕೆಲಸ, ಪೂರ್ತಿ ಹೋಗತ್ತೆ. ಹರಿದ್ರೆ ಒಳಗಿದ್ದಿದ್ದೆಲ್ಲ ಆಸ್ಟ್ರಲ್ ಅನ್ನೋ ಬೇರೆ ಲೋಕದಲ್ಲಿ ಚೆಲ್ಲಾಪಿಲ್ಲಿ. ಅಂದ್ರೆ ಇಡೀ ಗುಂಪಿನ ಪಂಜು ಒಬ್ಬನ ಬೆನ್ನ ಮೇಲೆ ಹಾಕಿದ ಹಾಗೇ. ನನ್ನನ್ನ ಕೇಳಿದ್ರೆ ಹ್ಯಾಂಡಿ ಹ್ಯಾವರ್‌ಸ್ಯಾಕ್ ಅನ್ನೋ ಇನ್ನೊಂದು ಮಾಯಾ ಚೀಲ ಒಳ್ಳೇದು, ಮಧ್ಯದ ಜೇಬಿಗೆ 80 ಪೌಂಡ್, ಪಕ್ಕದ ಎರಡಕ್ಕೆ 20, 20, ಮತ್ತೆ ಬೇಕಾದ ಸಾಮಾನು ಯಾವಾಗ್ಲೂ ಮೇಲೇ ಇರತ್ತೆ ಅನ್ನೋದೇ ಅದರ ಮಾಯೆ. ಆ ಇಳಿಜಾರಲ್ಲಿ ಕೂತೋನಿಗೆ ಇದರ ಬೆಲೆ ಗೊತ್ತು.

ಕೊನೇಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಕೇಳಿದ್ಳು, 'ಸರ್, ಒಂದು ಹೇಸರಗತ್ತೆ ತಗೊಂಡ್ರೆ ಇದೆಲ್ಲ ತಲೆನೋವೇ ಇಲ್ವಲ್ಲ?' ಒಳ್ಳೇ ಪ್ರಶ್ನೆ. ಆ ಹಳೇ ಬೇಸಿಕ್ ಸೆಟ್‌ನಲ್ಲಿ ಹೇಸರಗತ್ತೆ 2000 ನಾಣ್ಯದ ಭಾರ ಆರಾಮಾಗಿ ಹೊರತ್ತೆ, 4000ದ ತನಕ ಅರ್ಧ ವೇಗದಲ್ಲಿ ಹೋಗತ್ತೆ, ಡಂಜನ್ (ನೆಲದಡಿಯ ಸುರಂಗ, ಗುಹೆ) ಒಳಗೂ ಕರ್ಕೊಂಡು ಹೋಗಬಹುದು. ಖಂಡಿತ ತಗೊಳ್ಳಿ ಅಂದೆ. ಹಗ್ಗ ಹಿಡ್ಕೊಳ್ಳೋಕೆ ಒಬ್ಬರ ಕೈ ಹೋಗತ್ತೆ, ಮೇವು ಬೇಕು, ಬಾವಿ ಇಳಿಯಲ್ಲ, ಏಣಿ ಹತ್ತಲ್ಲ, ಬೆಂಕಿ ಕಂಡ್ರೆ ನಿಮ್ಮ ಸಾಮಾನಿನ ಜೊತೆಗೇ ಓಡಿಹೋಗತ್ತೆ.

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಪಕ್ಕದವರ ಹತ್ರ ಇನ್ನೆರಡು ಕವರ್ ಇಸ್ಕೊಂಡ್ಳು. ಒಂದರ ಮೇಲೆ 'ಕತ್ತೆ ಎಡ', ಇನ್ನೊಂದರ ಮೇಲೆ 'ಕತ್ತೆ ಬಲ' ಅಂತ ಬರೆದು, ಚೀಟಿಗಳನ್ನ ಹಂಚೋಕೆ ಕೂತ್ಲು. ಬುತ್ತಿ ಎಡಕ್ಕೆ, ಹಾಸಿಗೆ ಬಲಕ್ಕೆ, ಎಣ್ಣೆ ಎರಡಕ್ಕೂ ಒಂದೊಂದು. ಹಗ್ಗದ ಚೀಟಿ ಕೈಗೆ ಬಂದಾಗ ಎಡದ ಕವರ್‌ಗೆ ಹಾಕಿದ್ಳು, ಆಮೇಲೆ ವಾಪಸ್ ತೆಗೆದು ತನ್ನ ಸೊಂಟದ ಕವರ್‌ಗೆ ಹಾಕ್ಕೊಂಡ್ಳು.